ಒದ್ದೆ ಕಲ್ಲು ಒಣಗುವ ಹೊತ್ತು



ನಾನು ಕಲ್ಲು ಕೆತ್ತುವವನು. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ನನ್ನ ಊರು. ಬೆಳಗ್ಗೆ ನಮ್ಮೂರಿಗೆ ಬಂದವರು ಶಿಲ್ಪಿಗಳ ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಉಳಿಯ ಸದ್ದು ಹಿಡಿದು ನಡೆದರೆ ಸಾಕು, ಯಾವುದಾದರೂ ಒಂದು ಮನೆಯ ಮುಂದೆ ಬಂದು ನಿಂತಿರುತ್ತಾರೆ. ನಮ್ಮ ತಾತ ಮನೆ ಮುಂದಿನ ಹೊಂಗೆ ಮರದ ನೆರಳಲ್ಲಿ ಕೂತು ಕೆತ್ತಿದರು, ಅಪ್ಪ ಕೆತ್ತಿದರು, ಅದೇ ನೆರಳಲ್ಲಿ ನಾನೂ ಹತ್ತಿರ ಹತ್ತಿರ ಐವತ್ತು ವರ್ಷದಿಂದ ಕೆತ್ತುತ್ತಿದ್ದೇನೆ.

ಹೊಸ ಕಲ್ಲು ಬಂದ ದಿನ ನಾನು ಮಾಡುವ ಮೊದಲ ಕೆಲಸ ಅದರ ಮೇಲೆ ಎರಡು ಬಿಂದಿಗೆ ನೀರು ಹುಯ್ಯುವುದು. ಹುಯ್ದು ಸುಮ್ಮನೆ ಎದುರು ಕೂರುತ್ತೇನೆ. ಬಿಸಿಲು ಏರುತ್ತಿದ್ದಂತೆ ಕಲ್ಲು ಅಂಚಿನಿಂದ ಒಣಗುತ್ತಾ ಬರುತ್ತದೆ. ಕಪ್ಪಗಿದ್ದದ್ದು ಬೂದಿಬಣ್ಣಕ್ಕೆ ತಿರುಗುತ್ತದೆ. ಎಲ್ಲ ಒಣಗಿದ ಮೇಲೂ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದುಬಿಟ್ಟರೆ ಎದೆ ಧಸಕ್ಕೆನ್ನುತ್ತದೆ. ಅಲ್ಲಿ ಬಿರುಕಿದೆ ಎಂದರ್ಥ. ಬರಿಗಣ್ಣಿಗೆ ಕಾಣದ ಆ ಸೀಳಿನಲ್ಲಿ ನೀರು ಹೊಕ್ಕು ಕೂತಿದೆ. ಅದನ್ನು ನೋಡದೆ ಕೆತ್ತಲು ಶುರುಮಾಡಿದರೆ, ಮೂರು ತಿಂಗಳಾದ ಮೇಲೆ ದೇವರ ಮೂಗು ತಿದ್ದುವ ಹೊತ್ತಿಗೆ ಕಲ್ಲು ಎರಡು ಹೋಳಾಗಬಹುದು.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ನಿಮಗೆಲ್ಲ ಗೊತ್ತು. ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳುತ್ತಾನೆ. ಮೈಗೆಲ್ಲ ಗಂಧ ಹಚ್ಚಿಸುತ್ತಾನೆ. ಎಲ್ಲ ಕಡೆ ಗಂಧ ಆರಿದರೂ ಹೊಕ್ಕಳ ಹತ್ತಿರ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿಯಿಟ್ಟರೆ ನೀರಿನೊಡನೆ ಕಪ್ಪೆಯೊಂದು ಹೊರಗೆ ಜಿಗಿಯುತ್ತದೆ. ದೋಷವಿದ್ದರೆ ಕೈ ಕಡಿದುಕೊಳ್ಳುತ್ತೇನೆ ಎಂದಿದ್ದ ಜಕಣಾಚಾರಿ ಆಡಿದ ಮಾತಿಗೆ ತಪ್ಪುವುದಿಲ್ಲ, ಆ ಹುಡುಗ ಅವನ ಮಗ ಡಂಕಣನೇ ಆಗಿರುತ್ತಾನೆ, ತುಮಕೂರು ಬಳಿಯ ಕೈದಾಳದಲ್ಲಿ ಕೈ ಮರಳಿ ಬರುತ್ತದೆ. ಇದು ಕಥೆ. ಬೇಲೂರಿನಲ್ಲಿ ನಿಜವಾಗಿ ದುಡಿದ ಶಿಲ್ಪಿಗಳಾದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಅಲ್ಲಿನ ಕಲ್ಲಿನ ಮೇಲೇ ಇವೆ. ಜಕಣಾಚಾರಿ ಬದುಕಿರುವುದು ಜನರ ಬಾಯಲ್ಲಿ. ಆದರೆ ನಮ್ಮ ಕಸುಬಿನವರಿಗೆ ಆ ಕಥೆಯ ಜೀವ ಇರುವುದು ಆರದ ಗಂಧದಲ್ಲಿ. ಕಲ್ಲಿನೊಳಗಿನ ದೋಷವನ್ನು ನಮ್ಮ ಹಿರಿಯರು ಗರ್ಭ ಎನ್ನುತ್ತಿದ್ದರು. ಒದ್ದೆ ಮಾಡು, ಒಣಗುವ ತನಕ ಕಾಯಿ, ಆಮೇಲೆ ಉಳಿ ಮುಟ್ಟು. ಈ ಪಾಠವನ್ನು ಯಾರೂ ಮರೆಯಬಾರದೆಂದು ಅದನ್ನೊಂದು ಕಥೆ ಮಾಡಿ ಊರೂರಿಗೆ ಹಂಚಿಟ್ಟಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಇವತ್ತು ನಾನು ಹೇಳಬೇಕೆಂದಿರುವುದೂ ಇದನ್ನೇ. ಕಲ್ಲು ಕೆತ್ತುವವನಿಗೆ ಕೈಗಿಂತ ಮೊದಲು ಕಣ್ಣು, ಕಿವಿ ಪಳಗಬೇಕು. ಅವನ್ನು ಪಳಗಿಸುವುದು ಮಳೆ, ಬಿಸಿಲು, ಹಕ್ಕಿ, ಹುಳು, ಮತ್ತೆ ಸುತ್ತಲಿನ ಊರಿನ ಜನ.

ಕಿವಿಯ ಮಾತು ಮೊದಲು ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ತಾತ ನನ್ನ ಕಣ್ಣಿಗೆ ಟವೆಲು ಕಟ್ಟಿ ಕೂರಿಸಿ, ಬೇರೆ ಬೇರೆ ಕಲ್ಲಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದರು. ‘ಇದು ಏನನ್ನುತ್ತೆ ಹೇಳೋ’ ಎನ್ನುತ್ತಿದ್ದರು. ಗುಡಿಯ ಗಂಟೆಯಂತೆ ಖಣಿಲ್ ಎಂದು ನಾದ ಎಳೆದುಕೊಂಡು ಹೋದರೆ ಅದು ಪುರುಷ ಶಿಲೆ, ಮೂರ್ತಿಗೆ ಆಗುತ್ತದೆ. ನಾದ ಇನ್ನೂ ಮೆತ್ತಗಿದ್ದರೆ ಸ್ತ್ರೀ ಶಿಲೆ, ಪೀಠಕ್ಕೆ. ನಾದವೇ ಇಲ್ಲದೆ ಬೊದ್ದೆನ್ನುವುದು ನಪುಂಸಕ ಶಿಲೆ, ಅದಕ್ಕೆ ತಳಪಾಯದಲ್ಲಿ ಜಾಗ. ಶಿಲ್ಪಶಾಸ್ತ್ರದ ಈ ವಿಂಗಡಣೆ ನನಗೆ ಪುಸ್ತಕದಿಂದ ಬರಲಿಲ್ಲ, ಕಣ್ಣು ಕಟ್ಟಿಕೊಂಡ ಆ ಮಧ್ಯಾಹ್ನಗಳಿಂದ ಬಂತು.

ಮಾಲೂರಿನ ಸಂತೆಗೆ ಅಮ್ಮನ ಜೊತೆ ಹೋದಾಗ ಇದೇ ವಿದ್ಯೆ ಇನ್ನೊಂದು ಕಡೆ ಕಂಡಿತು. ಕುಂಬಾರರ ಮಡಕೆ ರಾಶಿಯ ಮುಂದೆ ಹೆಂಗಸರು ಕೂತು ಒಂದೊಂದನ್ನೇ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಬಿರುಕಿದ್ದ ಮಡಕೆ ತನ್ನ ಗುಟ್ಟನ್ನು ತಾನೇ ಹೇಳಿಬಿಡುತ್ತಿತ್ತು. ನಮ್ಮ ಅಮ್ಮ ಒಂದು ಮಡಕೆ ಆರಿಸಲು ಹತ್ತು ಮಡಕೆ ತಟ್ಟುವಳು. ತಾತನೂ ಅಮ್ಮನೂ ಒಂದೇ ಶಾಲೆಯಲ್ಲಿ ಓದಿದವರು ಎಂದು ಅವತ್ತು ನನಗೆ ಹೊಳೆಯಿತು.

ಬಂಡೆಯಿಂದ ಚಪ್ಪಡಿ ಎಬ್ಬಿಸುವಾಗಲೂ ಕಿವಿಯೇ ಯಜಮಾನ. ಬೆಂಗಳೂರು, ಕೋಲಾರದ ಕಡೆ ನೆಲಕ್ಕೆ ಹಾಸಿಕೊಂಡು ಬಿದ್ದಿರುವ ಬಂಡೆಗಳನ್ನು ನೀವು ನೋಡಿರುತ್ತೀರಿ. ಲಾಲ್‌ಬಾಗಿನ ಬಂಡೆ ಅದೇ ಜಾತಿಯದು, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಹಿಂದೆ ಇಂಥ ಬಂಡೆಯ ಮೇಲೆ ಒಣ ಸೌದೆಯನ್ನು ಸಾಲಾಗಿ ಜೋಡಿಸಿ ಬೆಂಕಿ ಹಾಕುತ್ತಿದ್ದರು. ಶಾಖಕ್ಕೆ ಮೇಲಿನ ಪದರ ಉಬ್ಬಿ, ಕೆಳಗಿನದರಿಂದ ಬಿಟ್ಟುಕೊಳ್ಳುತ್ತಿತ್ತು. ಒಬ್ಬ ಆಳು ಬೆಂಕಿಯ ಮುಂದೆ ಮುಂದೆ ನಡೆಯುತ್ತಾ ಸುತ್ತಿಗೆಯಿಂದ ಬಂಡೆಯನ್ನು ತಟ್ಟುತ್ತಾ ಹೋಗುವನು. ಟೊಳ್ಳು ಸದ್ದು ಬಂದರೆ ಅಲ್ಲಿಯ ತನಕ ಪದರ ಎದ್ದಿದೆ ಎಂದು ತಿಳಿದು ಸೌದೆಯನ್ನು ಮುಂದಕ್ಕೆ ಸರಿಸುವರು. ಸಿಡಿಮದ್ದಿಲ್ಲ, ಯಂತ್ರವಿಲ್ಲ. ಸೌದೆ, ಸುತ್ತಿಗೆ, ಕಿವಿ, ಇಷ್ಟರಿಂದಲೇ ಕೋಣೆಯಗಲದ ಚಪ್ಪಡಿ ರೊಟ್ಟಿಯಂತೆ ಎದ್ದು ಬರುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಕಲ್ಲುಚಪ್ಪಡಿಯ ಸೂರಿನ ಹಳೆಯ ಮನೆಗಳು ಅಷ್ಟೊಂದು ಇರುವುದಕ್ಕೆ ಇದೇ ಕಾರಣ.

ಇನ್ನು ಕಣ್ಣು. ಕಲ್ಲು ಆರಿಸಲು ಟೇಕಲ್ ಕಡೆಯ ಗುಡ್ಡಗಳಿಗೆ ಅಪ್ಪನ ಹಿಂದೆ ಹೋಗುತ್ತಿದ್ದೆ. ಅಪ್ಪ ಮೊದಲು ನೋಡುತ್ತಿದ್ದುದು ಬಂಡೆಯ ಮೇಲಿನ ಜೀವಗಳನ್ನು. ಇರುವೆಯ ಸಾಲು ಬಂಡೆಯ ನಡುವೆ ಎಲ್ಲಿ ಮಾಯವಾಗುತ್ತದೆ ನೋಡು ಎನ್ನುವರು, ಅಲ್ಲಿ ಸಂದಿದೆ. ನಡುಬಂಡೆಯಲ್ಲಿ ಒಂದು ಹುಲ್ಲುಕಡ್ಡಿ ನಿಂತಿದ್ದರೆ ಅದರ ಬೇರಿನ ಕೆಳಗೆ ಸೀಳಿದೆ. ಕಲ್ಲುಹೂವು ಹತ್ತಿದ್ದರೆ ಆ ಮೈ ಬಹಳ ಕಾಲದಿಂದ ಮಳೆ ಬಿಸಿಲು ತಿಂದಿದೆ. ಅಡುಗೆಯ ಮಸಾಲೆಗೆ ಹಾಕುತ್ತೀರಲ್ಲ, ಆ ಕಲ್ಲುಹೂವಿನ ಬಳಗದವೇ ಇವು. ಶಿಲೀಂಧ್ರವೂ ಪಾಚಿಯೂ ಒಂದಾಗಿ ಸಂಸಾರ ಮಾಡುವ ಜೀವ ಅದು. ಬೇರಿಲ್ಲದೆ, ಮಣ್ಣಿಲ್ಲದೆ, ವರ್ಷಕ್ಕೆ ರಾಗಿಕಾಳಿನಷ್ಟು ಬೆಳೆದರೆ ಹೆಚ್ಚು. ಅಂಗೈಯಗಲದ ಕಲ್ಲುಹೂವು ಕಂಡರೆ ಅಪ್ಪ ಅದರ ಮೇಲೆ ಕಾಲಿಡುತ್ತಿರಲಿಲ್ಲ. ‘ನನಗಿಂತ ದೊಡ್ಡದಿರಬಹುದು’ ಎನ್ನುತ್ತಿದ್ದರು.

ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಮೇಲೆ ಆ ಬಂಡೆಗಳ ಮೇಲೆ ಓತಿಕೇತಗಳು ಬಣ್ಣ ಬದಲಿಸಿಕೊಂಡು ಕೂರುತ್ತವೆ. ವರ್ಷವೆಲ್ಲ ಕಲ್ಲಿನ ಬಣ್ಣದಲ್ಲೇ ಅಡಗಿರುವ ಗಂಡು, ಜೊತೆಗಾತಿಯನ್ನು ಕರೆಯುವ ಕಾಲದಲ್ಲಿ ಬೆನ್ನಿಗೆ ಕೆಂಡದ ಕೆಂಪು, ಪಕ್ಕೆಗೆ ಕಾಡಿಗೆಯ ಕಪ್ಪು ಬಳಿದುಕೊಳ್ಳುತ್ತದೆ. ತಲೆಯೆತ್ತಿ, ಮುಂಗಾಲು ಊರಿ, ಮೈ ಮೇಲೆ ಕೆಳಗೆ ಮಾಡುತ್ತದೆ. ನಾನು ಒಮ್ಮೆ ಯಾಳಿಯೊಂದನ್ನು ಕೆತ್ತುತ್ತಿದ್ದಾಗ ಅದರ ಕತ್ತು ಎಷ್ಟು ತಿದ್ದಿದರೂ ಸತ್ತ ಹಾಗೆ ಕಾಣುತ್ತಿತ್ತು. ಅಪ್ಪ ಏನೂ ಹೇಳದೆ ಗುಡ್ಡಕ್ಕೆ ಕರೆದೊಯ್ದು ಓತಿಕೇತದ ಎದುರು ಕೂರಿಸಿದರು. ಕತ್ತು ಎತ್ತುವ ಮೊದಲು ಅದು ಭುಜವನ್ನು ಹೇಗೆ ಬಿಗಿ ಹಿಡಿಯುತ್ತದೆ ಎಂದು ಅವತ್ತು ನೋಡಿದೆ. ಕತ್ತಿನ ಬಲ ಕತ್ತಿನಲ್ಲಿಲ್ಲ, ಭುಜದಲ್ಲಿದೆ. ಮರುದಿನ ಕತ್ತು ಬಿಟ್ಟು ಭುಜ ತಿದ್ದಿದೆ, ಯಾಳಿಗೆ ಜೀವ ಬಂತು.

ಹೊಯ್ಸಳರ ಕಾಲದ ಶಿಲ್ಪಿಗಳೂ ಹೀಗೇ ಊರಿನ ಸುತ್ತ ಕಣ್ಣು ಬಿಟ್ಟುಕೊಂಡು ಬದುಕಿದವರು. ಬೇಲೂರಿನ ಗುಡಿಯ ಪ್ರತಿಷ್ಠೆ ನಡೆದದ್ದು 1117ರಲ್ಲಿ. ಅಲ್ಲಿಯ ಒಂದು ಮದನಿಕೆಯ ತಲೆಯ ಮೇಲಿನ ಎಲೆಬಳ್ಳಿಯ ನಡುವೆ ಹಲಸಿನ ಹಣ್ಣಿದೆ, ಹಣ್ಣಿನ ಮೇಲೆ ನೊಣ ಕೂತಿದೆ, ಅದನ್ನು ಹಿಡಿಯಲು ಹಲ್ಲಿಯೊಂದು ಹೊಂಚು ಹಾಕಿದೆ. ರಾಜ ಕೇಳಿದ್ದು ವಿಷ್ಣುವಿನ ಗುಡಿ, ನೊಣವನ್ನಾಗಲಿ ಹಲ್ಲಿಯನ್ನಾಗಲಿ ಅವನು ಕೇಳಿರಲಾರ. ಯಾವುದೋ ಮಧ್ಯಾಹ್ನ ಊಟದ ಹೊತ್ತಿಗೆ ಹಲಸಿನ ಹಣ್ಣು ಬಿಡಿಸಿಕೊಂಡು ಕೂತಾಗ ಶಿಲ್ಪಿಯ ಕಣ್ಣಿಗೆ ಬಿದ್ದದ್ದು ಅಲ್ಲಿಗೆ ಬಂದಿರಬೇಕು. ಗುಡಿಯ ಬುಡದ ಸಾಲಿನ ಆನೆಗಳನ್ನು ನಿಧಾನವಾಗಿ ನೋಡುತ್ತಾ ಬನ್ನಿ. ಒಂದು ಸೊಂಡಿಲಲ್ಲಿ ಮುಂದಿನದರ ಬಾಲ ಹಿಡಿದಿರುತ್ತದೆ, ಒಂದು ಹೊರಳಿ ನೋಡುತ್ತಿರುತ್ತದೆ. ಒಂದರ ಹಾಗೆ ಇನ್ನೊಂದಿಲ್ಲ. ಆನೆ ಅಂದರೆ ಹೀಗೆ ಎಂಬ ಅಚ್ಚನ್ನು ಬಿಟ್ಟು, ಈ ಆನೆ, ಆ ಆನೆ ಎಂದು ನೋಡಿದವನ ಕೈಯಿಂದ ಮಾತ್ರ ಇಂಥ ಕೆಲಸ ಬರುತ್ತದೆ.

ಅವರು ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ಬಂದ ಹೊಸದರಲ್ಲಿ ಅದು ಮೆತ್ತಗಿದ್ದು, ಗಾಳಿಗೆ ಆರುತ್ತಾ ಗಟ್ಟಿಯಾಗುತ್ತದೆ. ಅದಕ್ಕೇ ಸರದ ಮಣಿಮಣಿಯ ಹಿಂದೆಯೂ ಉಳಿ ಆಡಿಸಲು ಅವರಿಗೆ ಸಾಧ್ಯವಾಯಿತು. ಇವತ್ತು ನಮಗೆ ದೇವರ ಮೂರ್ತಿಗೆ ಬರುವ ಕೃಷ್ಣಶಿಲೆ ಎಚ್.ಡಿ. ಕೋಟೆಯ ಕಡೆಯದು. ನಮ್ಮ ಸುತ್ತಲಿನ ಬಿಳಿ ಬಂಡೆ ಬಲು ಬಿಗಿ. ಅದರಲ್ಲಿ ಬೆಣಚಿನ ಕಾಳು ತುಂಬಿರುತ್ತದೆ, ನಡುನಡುವೆ ಕಾಗೆಬಂಗಾರ ಮಿನುಗುತ್ತದೆ. ಬೆಣಚು ಉಕ್ಕಿಗೂ ಜಗ್ಗುವುದಿಲ್ಲ, ಅರ್ಧ ದಿನ ಕೆತ್ತಿದರೆ ಉಳಿಯ ಬಾಯಿ ಮೊಂಡಾಗುತ್ತದೆ.

ಆಗ ಕುಲುಮೆಗೆ ಹೋಗಬೇಕು. ತಿದಿ ಒತ್ತಿ ಇದ್ದಿಲು ಉರಿಸಿ, ಉಳಿಯ ತುದಿ ಕೆಂಪಾದ ಮೇಲೆ ತಟ್ಟಿ ಚೂಪು ಮಾಡಿ, ತುದಿಯನ್ನು ಮಾತ್ರ ನೀರಿಗೆ ಅದ್ದಿ ತೆಗೆಯಬೇಕು. ಆಮೇಲೆ ನೋಡುತ್ತಾ ನಿಲ್ಲಬೇಕು. ಹಿಂದಿನ ಕಾವು ತುದಿಯ ಕಡೆ ಹರಿದು ಬರುವಾಗ ಉಕ್ಕಿನ ಮೈ ಬಣ್ಣ ಬಣ್ಣ ತಿರುಗುತ್ತದೆ. ಮೊದಲು ಒಣಗಿದ ರಾಗಿಹುಲ್ಲಿನ ಬಣ್ಣ, ಆಮೇಲೆ ಜೇನಿನ ಕಂದು, ಆಮೇಲೆ ಬದನೆಕಾಯಿಯ ನೇರಳೆ, ಕೊನೆಗೆ ನವಿಲಿನ ಕತ್ತಿನ ನೀಲಿ. ಹುಲ್ಲಿನ ಬಣ್ಣ ತುದಿ ಮುಟ್ಟಿದ ಕೂಡಲೇ ಮತ್ತೆ ನೀರಿಗೆ ಅದ್ದಬೇಕು. ಮೊದಲೇ ಅದ್ದಿದರೆ ಉಳಿ ಗಾಜಿನಂತೆ ಸಿಡಿಯುತ್ತದೆ, ನೀಲಿಯಾಗುವ ತನಕ ಬಿಟ್ಟರೆ ಮೆತ್ತಗಾಗಿ ಬಾಗುತ್ತದೆ. ಹುಲ್ಲು, ಜೇನು, ನವಿಲು ನೋಡದೆ ಬೆಳೆದ ಹುಡುಗನಿಗೆ ಈ ಹದ ಹೇಳಿಕೊಡಲು ನನಗೆ ಮಾತು ಸಿಗುವುದಿಲ್ಲ.

ಬೇಸಿಗೆಯ ಮಧ್ಯಾಹ್ನ ಅರಳಿ ಮರದಲ್ಲಿ ಒಂದು ಪುಟ್ಟ ಹಕ್ಕಿ ಟುಕ್ ಟುಕ್ ಟುಕ್ ಎಂದು ಒಂದೇ ಸಮನೆ ಕೂಗುತ್ತದೆ. ಹಸಿರು ಮೈ, ಹಣೆಗೆ ಕುಂಕುಮ ಇಟ್ಟ ಹಾಗೆ ಕೆಂಪು. ಕಂಚಿನ ತಟ್ಟೆ ಬಡಿದಂತಿರುವ ಆ ಸದ್ದಿಗೇ ಅದಕ್ಕೆ ಕಂಚುಗಾರ ಹಕ್ಕಿ ಎಂಬ ಹೆಸರು. ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗ, ಹೀಗೆ ನಮ್ಮದು ಐದು ಕಸುಬಿನ ಒಂದೇ ಕುಲ. ಆ ಲೆಕ್ಕದಲ್ಲಿ ಈ ಹಕ್ಕಿಯೂ ನಮ್ಮ ನೆಂಟ ಎಂದು ತಾತ ಹೇಳುವರು. ಅದರ ಕೂಗಿನ ಲಯಕ್ಕೆ ನನ್ನ ಸುತ್ತಿಗೆ ಎಷ್ಟೋ ಸಲ ತಾನಾಗಿ ಹೊಂದಿಕೊಂಡಿದೆ.

ಊರಿಗೂ ನಮಗೂ ಇರುವ ಸಂಬಂಧ ದೇವರ ಮೂರ್ತಿಯಲ್ಲೇ ಮುಗಿಯುವುದಿಲ್ಲ. ಹಿಟ್ಟು ಬೀಸುವ ಕಲ್ಲು, ಒರಳು, ಕಣದಲ್ಲಿ ರಾಗಿತೆನೆಯ ಮೇಲೆ ಉರುಳುವ ಗುಂಡು, ದನ ನೀರು ಕುಡಿಯುವ ಬಾನಿ, ಕೆರೆಯ ತೂಬು, ಎಲ್ಲವೂ ಕಲ್ಲಿನ ಕೆಲಸವೇ. ನಾನು ಕೆಲಸ ಕಲಿಯುತ್ತಿದ್ದಾಗ ಬೀದಿಯ ಅಜ್ಜಿಯೊಬ್ಬಳು ಸವೆದ ಬೀಸುಕಲ್ಲನ್ನು ಮೊಮ್ಮಗನ ತಲೆ ಮೇಲೆ ಹೊರಿಸಿಕೊಂಡು ಬಂದಳು. ‘ಆಚಾರಪ್ಪಾ, ನನ್ನ ಬಾಯಲ್ಲಂತೂ ಹಲ್ಲಿಲ್ಲ. ಇದಕ್ಕಾದರೂ ಹಲ್ಲು ಮಾಡಿಕೊಡು’ ಎಂದಳು. ಕಲ್ಲಿನ ಮೈಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕಚ್ಚು ಹಾಕುವ ಆ ಕೆಲಸಕ್ಕೆ ಅಪ್ಪ ದುಡ್ಡು ತೆಗೆದುಕೊಳ್ಳಲಿಲ್ಲ. ಸಂಜೆ ಅಜ್ಜಿಯ ಮನೆಯಿಂದ ಬಿಸಿ ಮುದ್ದೆ, ಹುರುಳಿ ಸಾರು ಬಂತು. ಆ ಮುದ್ದೆಯ ಹಿಟ್ಟು ನಾನು ಕಚ್ಚು ಹಾಕಿದ ಕಲ್ಲಿನಲ್ಲೇ ಬೀಸಿದ್ದು. ನನ್ನ ಕೈಕೆಲಸ ನನ್ನ ಹೊಟ್ಟೆಗೇ ಬಂದ ಆ ರಾತ್ರಿಯ ಸಂತೋಷ, ಆಮೇಲೆ ಯಾವ ಶಾಲು ಹೊದಿಸಿಕೊಂಡಾಗಲೂ ಬಂದಿಲ್ಲ.

ನಾಗರಕಲ್ಲು ಕೇಳಿಕೊಂಡು ಬರುವವರು ಬೇರೆ. ಮದುವೆಯಾಗಿ ಹಲವು ವರ್ಷವಾದ ಗಂಡ ಹೆಂಡತಿ ಬಂದು ತಲೆ ತಗ್ಗಿಸಿ ನಿಲ್ಲುತ್ತಾರೆ. ಏನೂ ಕೇಳದೆ ನಾವು ಕಲ್ಲು ಆರಿಸುತ್ತೇವೆ. ಹೆಣೆದುಕೊಂಡ ಎರಡು ಹಾವುಗಳನ್ನು ಕೆತ್ತಲು ನಾನು ಕಲಿತದ್ದು ಕೆರೆ ಏರಿಯ ಕೆಳಗೆ ಎರಡು ಕೇರೆಹಾವುಗಳನ್ನು ನೋಡಿದ ಮೇಲೆ. ಮೊಣಕಾಲೆತ್ತರಕ್ಕೆ ಎದ್ದು, ಸುತ್ತಿಕೊಂಡು, ಬಿಚ್ಚಿಕೊಂಡು, ಮತ್ತೆ ಸುತ್ತಿಕೊಂಡವು. ಅದು ಗಂಡು ಹೆಣ್ಣಿನ ಸರಸ ಎಂದು ಊರಿನವರ ನಂಬಿಕೆ. ಹಾವುಗಳನ್ನು ಬಲ್ಲವರು ಅದು ಎರಡು ಗಂಡುಗಳ ಕುಸ್ತಿ ಎನ್ನುತ್ತಾರೆ. ಯಾವುದಾದರೂ ಆಗಲಿ, ಎರಡು ಮೈಗಳ ನಡುವೆ ಉಳಿಯುವ ಸಂದಿಯನ್ನು ನಾನು ಅವತ್ತು ಕಂಡೆ. ಆ ಸಂದಿಯನ್ನು ಕೆತ್ತಿದರೆ ಹಾವು ತಾನೇ ಹೊರಳುತ್ತದೆ. ಕೆತ್ತಿ ಮುಗಿಸಿದ ಕಲ್ಲನ್ನು ಅರಳಿಕಟ್ಟೆಯಲ್ಲಿ ನಿಲ್ಲಿಸಿದ ಮೇಲೆ ಅದು ನಮ್ಮದಲ್ಲ. ಅರಿಶಿನ ಕುಂಕುಮ ಏರುತ್ತದೆ, ಹಾಲು ಹರಿಯುತ್ತದೆ, ಹಾಲಿಗೆ ಇರುವೆ ಬರುತ್ತದೆ, ಇರುವೆಗೆ ಹಲ್ಲಿ ಬರುತ್ತದೆ. ಬೇಲೂರಿನ ಮದನಿಕೆಯ ತಲೆ ಮೇಲಿನ ಸಂಸಾರವೇ ನಮ್ಮೂರ ಕಟ್ಟೆಯಲ್ಲೂ ನಡೆಯುತ್ತದೆ.

ಮನುಷ್ಯರೂ ಪ್ರಾಣಿಗಳೂ ಒಂದೇ ಕಲ್ಲಿನಲ್ಲಿ ಉಳಿದ ಒಂದು ಉದಾಹರಣೆ ಹೇಳದೆ ಇರಲಾರೆ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಸುಮಾರು 950ನೇ ಇಸವಿಯದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಕಡೆಯ ವೀರ ಮಣಲೇರನಿಗೆ ಕಾಳಿ ಎಂಬ ನಾಯಿ ಇತ್ತು. ಅದು ಕಾಡುಹಂದಿಯೊಡನೆ ಹೋರಾಡಿತು, ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಒಂದರ ಮೇಲೊಂದು ಎರಗಿರುವ ಚಿತ್ರ ಅಲ್ಲಿದೆ. ಅದನ್ನು ಕೆತ್ತಿದವನು ಬೇಟೆಯನ್ನು ಹತ್ತಿರದಿಂದ ಕಂಡವನೇ ಇರಬೇಕು. ಸಾವಿರ ವರ್ಷ ಕಳೆದರೂ ಒಂದು ನಾಯಿಯ ಹೆಸರು ನಮ್ಮ ನಾಲಗೆಯ ಮೇಲೆ ಉಳಿದಿರುವುದು ಅವನ ಕಣ್ಣು, ಕೈಗಳಿಂದ.

ಈಗ ಸ್ವಲ್ಪ ಕಷ್ಟದ ಮಾತು. ಇಂದು ನಮ್ಮ ಜಗಲಿಗಳಿಗೆ ಕರೆಂಟಿನ ಕಟ್ಟಿಂಗ್ ಮಷೀನು ಬಂದಿದೆ. ತಿಂಗಳ ಕೆಲಸ ವಾರಕ್ಕೆ ಮುಗಿಯುತ್ತದೆ, ಬೆನ್ನಿಗೂ ಹಗುರ. ಅದು ಬೇಡ ಎನ್ನುವವನು ನಾನಲ್ಲ. ಆದರೆ ಉಳಿ ಎಬ್ಬಿಸುವುದು ಚಕ್ಕೆ, ಮಷೀನು ಎಬ್ಬಿಸುವುದು ಹಿಟ್ಟಿನಂಥ ಧೂಳು. ಬೆಣಚಿನ ಆ ನುಣುಪು ಧೂಳು ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಒಳಗೇ ಗಾಯ ಕಟ್ಟಿ, ನಿಧಾನವಾಗಿ ಉಸಿರನ್ನು ಕಟ್ಟುತ್ತದೆ. ಸಿಲಿಕೋಸಿಸ್ ಎನ್ನುವ ಈ ರೋಗವನ್ನು ಗುಣಪಡಿಸುವ ಮದ್ದಿಲ್ಲ, ತಡೆಯುವ ದಾರಿ ಇದೆ. ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಕೆಸರಾಗಿ ಕೆಳಗೆ ಕೂರುತ್ತದೆ. ಮೂಗಿಗೆ ಕಟ್ಟುವ ಟವೆಲು ಸಾಲದು, ಧೂಳು ಸೋಸುವ ಸರಿಯಾದ ಮುಖಗವಸು ಬೇಕು. ಕಸುಬಿನ ತಮ್ಮಂದಿರೇ, ಮಕ್ಕಳೇ, ನನ್ನ ಜೊತೆಯಲ್ಲಿ ಕೂತು ಕೆತ್ತಿದವರು ನಾಲ್ಕು ಹೆಜ್ಜೆ ನಡೆಯಲು ಏದುಸಿರು ಬಿಡುವುದನ್ನು ನೋಡಿ ಹೇಳುತ್ತಿದ್ದೇನೆ, ಇದೊಂದು ಮಾತು ನಡೆಸಿಕೊಡಿ.

ಮಷೀನಿನ ಸದ್ದಿನಲ್ಲಿ ಇನ್ನೊಂದು ನಷ್ಟವಿದೆ. ಕಲ್ಲಿನ ನಾದ ಕೇಳುವುದಿಲ್ಲ, ಕಂಚುಗಾರ ಹಕ್ಕಿಯ ಕೂಗೂ ಕೇಳುವುದಿಲ್ಲ. ಅದಕ್ಕೇ ನನ್ನ ಬಳಿ ಕಲಿಯಲು ಬರುವ ಹುಡುಗರಿಗೆ ಮೊದಲ ತಿಂಗಳು ಮಷೀನು ಮುಟ್ಟಲು ಬಿಡುವುದಿಲ್ಲ. ನೀರು ಹುಯ್ಯಿರಿ, ಕೂತು ನೋಡಿ ಎನ್ನುತ್ತೇನೆ. ಕಲ್ಲು ಒಣಗುವ ಹೊತ್ತು ಅವರಿಗೆ ಬಲು ಉದ್ದ ಅನ್ನಿಸುತ್ತದೆ. ಬೇಸತ್ತು ಕೈ ಜೇಬಿನ ಫೋನಿಗೆ ಹೋಗುತ್ತದೆ. ಹತ್ತು ಹದಿನೈದು ದಿನ ಕಳೆದ ಮೇಲೆ ಒಬ್ಬ ಹುಡುಗ ತಾನಾಗಿ ಕರೆಯುತ್ತಾನೆ, ‘ಮಾವ, ಇಲ್ಲಿ ನೋಡಿ, ಗೆರೆ ಉಳಿದಿದೆ’. ಅವತ್ತು ಅವನ ಕೈಗೆ ಉಳಿ ಕೊಡುತ್ತೇನೆ.

ಕೇಳುಗರಲ್ಲಿ ಕೊನೆಯದಾಗಿ ಒಂದು ಬಿನ್ನಹ. ನಿಮ್ಮೂರ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ಒಂದಾದರೂ ಹಳೆಯ ಕಲ್ಲು ಇದ್ದೇ ಇರುತ್ತದೆ. ವೀರಗಲ್ಲೋ, ಮಾಸ್ತಿಕಲ್ಲೋ, ಅಕ್ಷರದ ಕಲ್ಲೋ. ಅದಕ್ಕೆ ಪೇಂಟು ಬಳಿಯಬೇಡಿ, ಆಸಿಡ್ ಹಾಕಿ ತಿಕ್ಕಬೇಡಿ, ರಸ್ತೆಗೆ ಅಡ್ಡವೆಂದು ಮಣ್ಣಿಗೆ ತಳ್ಳಬೇಡಿ. ಒಂದು ಮಳೆ ಬಂದು ನಿಂತ ಮೇಲೆ, ಎಳೆಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ, ಮಕ್ಕಳ ಕೈ ಹಿಡಿದುಕೊಂಡು ಹೋಗಿ ಅದರ ಮುಂದೆ ನಿಲ್ಲಿ. ನಡುಮಧ್ಯಾಹ್ನದಲ್ಲಿ ಬರೀ ಬೋಳುಗಲ್ಲಾಗಿ ಕಾಣುತ್ತಿದ್ದದ್ದು ಆಗ ಮೆಲ್ಲಗೆ ಮಾತಾಡತೊಡಗುತ್ತದೆ. ಮೈ ಒಣಗುತ್ತಾ ಬಂದಂತೆ, ತೇವ ಹಿಡಿದ ಗೆರೆಗಳಲ್ಲಿ ಒಂದು ಕುದುರೆಯ ಕಾಲು, ಒಂದು ಕತ್ತಿಯ ತುದಿ, ಅರ್ಧ ಅಕ್ಷರ ಎದ್ದು ಬರುತ್ತವೆ. ಅದನ್ನು ಕೆತ್ತಿದವನೂ ಯಾವುದೋ ಒಂದು ಬೆಳಗ್ಗೆ ಅದೇ ಕಲ್ಲಿಗೆ ನೀರು ಹುಯ್ದು, ಒಣಗುವುದನ್ನು ಕಾಯುತ್ತಾ ಕೂತಿದ್ದವನು. ಅವನ ಜೊತೆ ನೀವೂ ಅಷ್ಟು ಹೊತ್ತು ಕಾಯಿರಿ.